ಮಲ್ಲಿಗೆ ಗಾಡಿಗೆ ಹಿಡಿದ ಏರ್

ಮೊಣಕಾಲು ಮಾತು ಕೇಳದಾದ ಮೇಲೆ, ಹೋದ ವರ್ಷ ಕೊಟ್ಟೂರಿನ ನನ್ನ ಗ್ಯಾರೇಜಿನ ಬಾಗಿಲು ಹಾಕಿದೆ. ಬಾಗಿಲು ಹಾಕಿದ ಮೇಲೆ ಬರುವವರೇ ಹೆಚ್ಚು. ಐಟಿಐ ಓದುವ ಹುಡುಗರು, ಹೊಸದಾಗಿ ಗ್ಯಾರೇಜು ಇಟ್ಟವರು ಬಂದು ಕುಂತು, "ದಾದಾಪೀರ್ ಚಾಚಾ, ನೀವು ಮಾಡಿದ್ದರಾಗ ಭಾಳ ದೊಡ್ಡ ಕೆಲಸ ಯಾವುದು?" ಅಂತ ಕೇಳುತ್ತಾರೆ. ಅವರಿಗೆ ನಾನು ಇಡೀ ಇಂಜಿನ್ ಇಳಿಸಿ ಏರಿಸಿದ ಕಥೆ ಬೇಕು. ಅಂಥವು ಬೇಕಾದಷ್ಟಿವೆ. ಆದರೆ ಮೂವತ್ತೆಂಟು ವರ್ಷದ ಕೆಲಸದಲ್ಲಿ ನನ್ನ ನಿದ್ದೆ ಕೆಡಿಸಿದ್ದು ಒಂದೇ ಗಾಡಿ. ಅದು ಕೆಟ್ಟು ನಿಂತ ಗಾಡಿಯೂ ಅಲ್ಲ. ಓಡುವಾಗ ಚೆನ್ನಾಗಿ ಓಡಿ, ನಿಂತಾಗ ಮಾತ್ರ ನಡುಗುತ್ತಿದ್ದ ಹಳೆಯ ಡೀಸೆಲ್ ಪಿಕಪ್.

ಗಾಡಿ ನಿಂತಿದೆ, ಇಂಜಿನ್ ಚಾಲೂ ಇದೆ, ಎಕ್ಸಲೇಟರ್ ಮೇಲೆ ಕಾಲಿಲ್ಲ. ಆಗ ಇಂಜಿನ್ ತನ್ನಷ್ಟಕ್ಕೆ ತಿರುಗುವುದಕ್ಕೆ ನಾವು ಐಡ್ಲಿಂಗ್ ಅನ್ನುತ್ತೇವೆ. ಅದು ಇಳಿದುಹೋಗಿ, ಗಾಡಿ ಚಳಿಜ್ವರ ಬಂದವರ ಹಾಗೆ ಅಲುಗಾಡಿದರೆ ಕಾರಣ ಹತ್ತು ಇರಬಹುದು. ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಹೊಲಸಾಗಿರಬಹುದು, ಇಂಜಿನ್ ಕೂತ ರಬ್ಬರ್ ಹರಿದಿರಬಹುದು, ಸಿಲಿಂಡರಿನೊಳಗಿನ ಒತ್ತಡ, ಕಂಪ್ರೆಶನ್, ಹೋಗಿರಬಹುದು, ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿ ಏರ್ ಹಿಡಿದಿರಬಹುದು. ಹೊಸ ಗಾಡಿಗೆ ನೀವು ಸ್ಕ್ಯಾನರ್ ಹಚ್ಚುತ್ತೀರಿ, ಅದು ಒಂದು ನಂಬರ್ ತೋರಿಸುತ್ತದೆ. ಆ ಹಳೆಯ ಗಾಡಿಗಳಿಗೆ ಸ್ಕ್ಯಾನರ್ ಚುಚ್ಚಲು ಜಾಗವೇ ಇಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ. ಇಷ್ಟೇ ನಮ್ಮ ಸ್ಕ್ಯಾನರ್.

ಇದನ್ನು ಕಲಿಸಿದವರು ಹೊಸಪೇಟೆಯ ನನ್ನ ಉಸ್ತಾದ್ ರಹಿಮಾನ್‌ಸಾಬರು. ಬೈಯುತ್ತಿರಲಿಲ್ಲ, ಅದೇ ಭಯ. ಒಮ್ಮೆ ಹೀಗೇ ನಡುಗುತ್ತಿದ್ದ ಲಾರಿಯ ನಾಜಲ್‌ಗಳನ್ನೆಲ್ಲ ಬಿಚ್ಚಿ, ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಮಧ್ಯಾಹ್ನದ ತನಕ ತಿಕ್ಕಿದ್ದೆ. ಉಸ್ತಾದರು ಬಂದು ಲಾರಿ ಡ್ರೈವರ್ ಹತ್ತಿರ ಎರಡು ಮಾತಾಡಿದರು. ಆಮೇಲೆ ಏರ್ ಫಿಲ್ಟರಿನ ಮುಚ್ಚಳ ತೆಗೆದು, ಒಳಗಿನಿಂದ ಇಲಿಯ ಗೂಡನ್ನು ಎತ್ತಿ ನನ್ನ ಅಂಗೈಯಲ್ಲಿ ಇಟ್ಟರು. "ಎರಡು ತಿಂಗ್ಳು ಕಾಳಿನ ಗೋಡೌನ್‌ನ್ಯಾಗ ನಿಂತಿತ್ತಂತ ಲಾರಿ. ನೀ ಕೇಳಿದ್ಯಾ?" ಅಂದರು, ಅಷ್ಟೇ. ನಾನು ನಾಜಲ್‌ಗಳನ್ನು ವಾಪಸ್ ಕಟ್ಟುವಷ್ಟು ಹೊತ್ತೂ ಆ ಡ್ರೈವರ್ ನನ್ನ ಮುಖ ನೋಡುತ್ತ ಬೀಡಿ ಸೇದಿದ. ಅವತ್ತೇ ಪಾಠ ಕಲಿತೆ ಅಂದುಕೊಂಡಿದ್ದೆ. ಕಲಿತಿರಲಿಲ್ಲ.

ಪಿಕಪ್ ರೇಣುಕಮ್ಮನದು. ಹಿರೇಹಡಗಲಿಯವಳು, ನಲವತ್ತೈದರ ಆಸುಪಾಸು. ಅವಳ ಗಂಡ ಬದುಕಿದ್ದಾಗ ಗಾಡಿಯನ್ನು ನನ್ನಲ್ಲಿಗೇ ತರುತ್ತಿದ್ದ. ಅವನು ತೀರಿಕೊಂಡ ಮೇಲೆ ಇವಳೇ ಹೊಡೆಯಲು ಕಲಿತಳು. ಬೆಳಕು ಹರಿಯುವಾಗ ಸುತ್ತಲಿನ ತೋಟಗಳಿಂದ ಮಲ್ಲಿಗೆ ಮೊಗ್ಗು ಎತ್ತಿ, ಬುಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ, ಹರಪನಹಳ್ಳಿ ಮೇಲೆ ದಾವಣಗೆರೆಗೆ ಒಯ್ಯುವ ಕೆಲಸ. ಮೊಗ್ಗು ಬಿರಿಯುವುದರೊಳಗೆ ಮುಟ್ಟಬೇಕು. ದಾರಿಯಲ್ಲಿ ಒಂದು ಗಂಟೆ ನಿಂತರೆ ಹೂವು ಹೋಯಿತು, ಹೂವು ಕೊಟ್ಟ ಹತ್ತು ಮನೆಯವರ ನಂಬಿಕೆಯೂ ಹೋಯಿತು.

ಮೊದಲ ಸಲ ಬಂದಾಗ ಗಾಡಿಯಿಂದ ಇಳಿಯುವ ಮೊದಲೇ ಹೇಳತೊಡಗಿದಳು. "ಅಣ್ಣಾರ, ನಿಂತಾಗ ಭಾಳ ನಡುಗತೈತಿ. ಎರಡು ಸಲ ತಾನ ಬಂದ್ ಆತು. ಹೋಗಾಗ ಏನೂ ಇಲ್ಲ, ಬರಾಗ..."

"ನೋಡ್ತೀನಿ ಬಿಡು ತಂಗೆವ್ವ. ಅಲ್ಲಿ ಕುಂದ್ರು," ಅಂದೆ. ಬರುವಾಗ ಏನು ಅನ್ನುವುದನ್ನು ಕೇಳಲಿಲ್ಲ.

ಡೀಸೆಲ್ ಫಿಲ್ಟರ್ ಬದಲಿಸಿದೆ. ಫಿಲ್ಟರ್ ಮೇಲಿನ ಕೈಪಂಪ್ ಒತ್ತಿ ಏರ್ ತೆಗೆದೆ. ಬುರುಬುರು ಅಂತ ನೊರೆ ಬಂತು, ಬೇಕಾದ್ದಕ್ಕಿಂತ ಹೆಚ್ಚೇ ಬಂತು. ಹಳೆಯ ಫಿಲ್ಟರಿನ ವಾಶರ್ ಸಡಿಲಾಗಿತ್ತು, ಅಲ್ಲಿಂದ ಏರ್ ಹಿಡಿದಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಡೀಸೆಲ್ ಪಂಪಿನ ಮೇಲಿರುವ ಐಡ್ಲಿಂಗ್ ಪೇಚನ್ನು ಅರ್ಧ ಸುತ್ತು ತಿರುಗಿಸಿ ಇಂಜಿನ್ನನ್ನು ಸ್ವಲ್ಪ ಜೋರು ಮಾಡಿದೆ. ನಡುಕ ನಿಂತಿತು. ಜೋರಾಗಿ ತಿರುಗುವ ಇಂಜಿನ್ನಿನಲ್ಲಿ ಸಣ್ಣ ರೋಗ ಕಾಣುವುದಿಲ್ಲ. ರೋಗ ಹೋಗಿಲ್ಲ, ಮುಚ್ಚಿಕೊಂಡಿದೆ ಅಂತ ಎಲ್ಲ ಮೆಕ್ಯಾನಿಕ್ಕಿಗೂ ಗೊತ್ತು. ನನಗೂ ಗೊತ್ತಿತ್ತು. ಅವತ್ತು ಹೊರಗೆ ಇನ್ನೂ ಮೂರು ಗಾಡಿ ನಿಂತಿದ್ದವು.

"ಕ್ಲಚ್ ಮ್ಯಾಲೆ ಕಾಲಿಟ್ಟು ಹೊಡಿಬ್ಯಾಡ," ಅಂತ ಬುದ್ಧಿ ಬೇರೆ ಹೇಳಿದೆ. ಅವಳು ಹಾಗೆ ಹೊಡೆಯುವುದನ್ನು ನಾನು ನೋಡಿರಲೇ ಇಲ್ಲ.

ಹದಿನೈದು ದಿನಕ್ಕೆ ಮತ್ತೆ ಬಂತು. ಈ ಸಲ ಗಾಡಿ ತಂದವನು ಅವಳ ಮೈದುನ ಚಂದ್ರಪ್ಪ. ಬರುವ ಮೊದಲು ಟ್ಯಾಂಕ್ ತುಂಬಿಸಿಕೊಂಡು ಬಂದಿದ್ದ. ಗಾಡಿ ಹಾಲು ಕುಡಿದ ಕೂಸಿನ ಹಾಗೆ ಸಣ್ಣಗೆ ಗುರ್ರೆನ್ನುತ್ತ ನಿಂತಿತ್ತು. ರೇಣುಕಮ್ಮ ಪಕ್ಕದ ಸೀಟಿನಲ್ಲಿ ಕುಂತಿದ್ದಳು.

"ನೀವ ಹೇಳ್ರಿ ಸಾಬ್ರ. ವಾರದಾಗ ಮೂರು ಸಲ ದಾರ್ಯಾಗ ನಿಂದ್ರಿಸ್ಯಾಳ. ಗಾಡ್ಯಾಗ ಏನರ ದೋಷ ಐತೇನು?" ಅಂದ ಚಂದ್ರಪ್ಪ.

ಬಾನೆಟ್ ಎತ್ತಿದೆ, ಕಿವಿ ಕೊಟ್ಟೆ, ಎರಡು ಸಲ ರೇಸ್ ಮಾಡಿದೆ. ಎಲ್ಲ ಸರಿಯಿತ್ತು. "ಗಾಡ್ಯಾಗ ಏನೂ ದೋಷ ಇಲ್ರಿ," ಅಂದೆ.

ಅವನಿಗೆ ಬೇಕಾಗಿದ್ದದ್ದು ಆ ಒಂದು ಮಾತು. ರೇಣುಕಮ್ಮನ ಕಡೆ ತಿರುಗಿ, "ಕೇಳಿದ್ಯಲ್ಲ ವೈನಿ? ಇನ್ನ ಕೀಲಿ ನನ್ನ ಕಡಿ ಇರ್ಲಿ," ಅಂದ. ಅವಳು ನನ್ನನ್ನೇ ನೋಡಿದಳು. ನಾನು ಕೈ ಒರೆಸಿಕೊಳ್ಳುವ ನೆಪದಲ್ಲಿ ಒಳಗೆ ಹೋದೆ.

ಒಂದು ತಿಂಗಳೊಳಗೆ ಹಿರೇಹಡಗಲಿಯಿಂದ ಫೋನ್ ಬಂತು. ಚಂದ್ರಪ್ಪ ತಾಯಿ ಹಾಲವ್ವನನ್ನು ಉಚ್ಚಂಗೆಮ್ಮನ ದರ್ಶನಕ್ಕೆ ಕರೆದುಕೊಂಡು ಹೋಗಿದ್ದ. ಅಮ್ಮನ ಗುಡ್ಡದಿಂದ ಇಳಿಯುವಾಗ ಗಾಡಿ ಹಿಡಿತ ತಪ್ಪಿ ಹೊಲದ ಬದುವಿಗೆ ಹೊಡೆದಿತ್ತು. ಅವನಿಗೆ ಏನೂ ಆಗಿರಲಿಲ್ಲ. ಮುಂದಿನ ಸೀಟಿನಲ್ಲಿದ್ದ ಹಾಲವ್ವನ ಭುಜದ ಎಲುಬು ಮುರಿದಿತ್ತು.

ಮರುದಿನ ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಪಿಕಪ್ಪನ್ನು ನನ್ನ ಗ್ಯಾರೇಜಿಗೆ ಎಳೆಸಿಕೊಂಡು ಬಂದ. ಇಳಿದವನೇ ನನ್ನ ಅಂಗಿಯ ಕಾಲರಿಗೆ ಕೈ ಹಾಕಿದ.

"ದೋಷ ಇಲ್ಲ ಅಂದ್ಯಲ್ಲ! ಬ್ರೇಕ್ ಕಲ್ಲಾತು. ಎರಡೂ ಕಾಲಿಲೆ ತುಳಿದ್ರೂ ಹಿಡಿಲಿಲ್ಲ. ನಮ್ಮವ್ವ ಸತ್ತಿದ್ರ ಏನ್ ಮಾಡ್ತಿದ್ದಿ?"

ರಸ್ತೆಯಲ್ಲಿ ಜನ ನಿಂತರು. ನನ್ನ ತಲೆ ಮಾತ್ರ ತನ್ನ ಕೆಲಸ ಮಾಡುತ್ತಿತ್ತು. ಆ ಗಾಡಿಯ ಬ್ರೇಕಿಗೆ ಬಲ ಕೊಡುವ ಸಣ್ಣ ಪಂಪ್ ಇಂಜಿನ್ನಿನಿಂದಲೇ ತಿರುಗುತ್ತದೆ. ಇಂಜಿನ್ ಬಂದಾದರೆ ಒಂದೆರಡು ಸಲ ಬ್ರೇಕ್ ಹಿಡಿಯುತ್ತದೆ, ಆಮೇಲೆ ಪೆಡಲ್ ಕಲ್ಲು. ಗೇರಿನಲ್ಲಿದ್ದಿದ್ದರೆ ಗಾಲಿಗಳೇ ಇಂಜಿನ್ನನ್ನು ತಿರುಗಿಸುತ್ತಿದ್ದವು, ಬ್ರೇಕಿಗೂ ಬಲ ಸಿಗುತ್ತಿತ್ತು.

"ಇಳಿಜಾರಿನ್ಯಾಗ ನ್ಯೂಟ್ರಲ್ ಹಾಕಿದ್ರೇನು?" ಅಂತ ಕೇಳಿದೆ.

ಅವನ ಕೈ ಸಡಿಲಾಯಿತು. ಡೀಸೆಲ್ ಉಳಿಸಲಿಕ್ಕೆ ಇಳಿಜಾರಿನಲ್ಲಿ ಗೇರ್ ತೆಗೆಯುವ ಚಟ ಎಷ್ಟೋ ಡ್ರೈವರುಗಳಿಗೆ ಇದೆ.

"ನ್ಯೂಟ್ರಲ್ ಹಾಕಿದ್ರ ನಾನೇನ್ ಮಾಡ್ಲಿ? ನಿಮ್ಮವ್ವನ್ನ ಬೀಳಿಸಿದವ್ರು ನೀವು," ಅಂದೆ, ಜನಕ್ಕೆಲ್ಲ ಕೇಳುವ ಹಾಗೆ.

ಚಂದ್ರಪ್ಪನ ಮುಖ ಕಪ್ಪಿಟ್ಟಿತು. ಗಾಡಿ ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡ್ ಕಡೆ ನಡೆದುಹೋದ. ಜನ ಚದುರಿದರು. ನಾನು ಅವತ್ತು ಗೆದ್ದೆ. ನಾನು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಆದರೆ ನ್ಯೂಟ್ರಲ್ ಹಾಕಿದರೆ ಗಾಡಿ ಜೋರಾಗಿ ಇಳಿಯುತ್ತದೆಯೇ ಹೊರತು ಇಂಜಿನ್ ಬಂದಾಗುವುದಿಲ್ಲ. ಇಂಜಿನ್ ಯಾಕೆ ಬಂದಾಯಿತು? ಆ ಪ್ರಶ್ನೆಯನ್ನು ಅವನು ಕೇಳಲಿಲ್ಲ. ಅವನು ಕೇಳದ್ದಕ್ಕೆ ನನಗೆ ಸಮಾಧಾನವಾಯಿತು ಅಂತ ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ.

ಮುಂದಿನ ಬಂಪರ್ ವೆಲ್ಡಿಂಗ್ ಮಾಡಬೇಕಿತ್ತು. ಬೆಂಕಿಯ ಕೆಲಸ ಅಂತ ಟ್ಯಾಂಕಿನ ಡೀಸೆಲ್ ಇಳಿಸಿ, ಕೆಲಸ ಮುಗಿದ ಮೇಲೆ ಕೈಗೆ ಸಿಕ್ಕ ಒಂದು ಕ್ಯಾನ್ ಅಷ್ಟೇ ವಾಪಸ್ ಹಾಕಿದೆ. ಬೆಳಿಗ್ಗೆ ಚಾಲೂ ಮಾಡಿದೆ. ಸ್ವಲ್ಪ ಹೊತ್ತಿಗೆ ಇಡೀ ಗಾಡಿ ಗದಗದ ನಡುಗತೊಡಗಿತು. ಡ್ಯಾಶ್‌ಬೋರ್ಡ್ ಮೇಲಿಟ್ಟ, ನಟ್ ಬಿಚ್ಚುವ ಪಾನಾ ಜಾರಿ ಕೆಳಗೆ ಬಿತ್ತು. ಇಂಜಿನ್ ಒಮ್ಮೆ ಏರಿ, ಒಮ್ಮೆ ಇಳಿದು, ಕೆಮ್ಮಿ, ಸತ್ತುಹೋಯಿತು.

ಸೀಟಿನಲ್ಲಿ ಹಾಗೇ ಕುಂತೆ. ದೋಷ ಇತ್ತು. ಮೊದಲಿನಿಂದಲೂ ಇತ್ತು.

ಎರಡು ದಿನ ಹುಡುಕಿದೆ. ಇಂಜಿನ್ ರಬ್ಬರ್ ಸರಿ. ಕಂಪ್ರೆಶನ್ ಸರಿ. ಒಂದೊಂದೇ ನಾಜಲ್ ಪೈಪಿನ ನಟ್ ಸಡಿಲಿಸಿ ನೋಡಿದೆ. ಕೆಟ್ಟ ನಾಜಲ್ ಸಡಿಲಿಸಿದರೆ ಶಬ್ದದಲ್ಲಿ ವ್ಯತ್ಯಾಸ ಬರುವುದಿಲ್ಲ, ಹಾಗೆ ಅದು ಸಿಕ್ಕಿಬೀಳುತ್ತದೆ. ಇಲ್ಲಿ ಒಂದು ಸಲ ಮೊದಲನೆಯದು ಕೆಟ್ಟಂತೆ ಕಂಡರೆ, ಇನ್ನೊಂದು ಸಲ ಮೂರನೆಯದು. ಅಂದರೆ ನಾಜಲ್ ಅಲ್ಲ, ಏರ್. ಫಿಲ್ಟರಿನಿಂದ ಪಂಪಿನ ತನಕ ಎಲ್ಲ ಜಾಯಿಂಟ್ ಬಿಗಿ ಮಾಡಿದೆ. ಪರೀಕ್ಷೆ ಮಾಡಬೇಕೆಂದು ಡೀಸೆಲ್ ತುಂಬಿಸಿಕೊಂಡು ಹಗರಿಬೊಮ್ಮನಹಳ್ಳಿಗೆ ಹೋಗಿ ಬಂದೆ. ಕೂದಲೆಳೆಯಷ್ಟು ನಡುಕವಿಲ್ಲ! ಕಾರಣ ಸಿಗದೆ ಗುಣವಾದ ಗಾಡಿಯಷ್ಟು ಹೆದರಿಸುವುದು ಇನ್ನೊಂದಿಲ್ಲ. ಅದನ್ನು ಯಾರ ಕೈಗೆ ಹೇಗೆ ಕೊಡುವುದು?

ಮೂರನೆಯ ದಿನ ರೇಣುಕಮ್ಮ ಬಸ್ಸಿನಲ್ಲಿ ಬಂದಳು. ಹಾಲವ್ವನಿಗೆ ಪಟ್ಟಿ ಕಟ್ಟಿದ್ದಾರೆ, ಚಂದ್ರಪ್ಪ ಮಾತು ಬಿಟ್ಟಿದ್ದಾನೆ, ಹೂವಿನ ಮನೆಯವರು ಬೇರೆ ಗಾಡಿ ಗೊತ್ತು ಮಾಡಿಕೊಳ್ಳುತ್ತಿದ್ದಾರೆ ಅಂದಳು.

"ಗಾಡ್ಯಾಗ ಏನೋ ಐತಿ ತಂಗೆವ್ವ. ನನಗ ಸಿಗವಲ್ದು," ಅಂದೆ.

ಅವಳಿಗೆ ಸಿಟ್ಟು ಬಂತು. ಅಷ್ಟು ದಿನ ಹಿಡಿದಿಟ್ಟ ಸಿಟ್ಟು. "ಈಗ ಅಂತೀರಿ! ದಿನಾ ಹೊಡಿಯಾಕಿ ನಾನು. ನನ್ನ ಒಂದ್ ಮಾತರ ಪೂರಾ ಕೇಳಿರೇನು? ಮಾತಾಡಾಕ ಹೋದ್ರ ಅಲ್ಲಿ ಕುಂದ್ರು ಅಂದ್ರಿ."

ನಾನು ಸ್ಟೂಲ್ ಎಳೆದುಕೊಂಡು ಅವಳ ಮುಂದೆ ಕುಂತೆ. "ಈಗ ಹೇಳು. ಎಲ್ಲೆಲ್ಲಿ ನಿಂತಿತ್ತು, ಒಂದೂ ಬಿಡಬ್ಯಾಡ."

ಹೇಳಿದಳು. ಎಲ್ಲಾ ಸಲವೂ ದಾವಣಗೆರೆಯಿಂದ ವಾಪಸ್ ಬರುವಾಗ. ಹೋಗುವಾಗ ಒಂದು ಸಲವೂ ಇಲ್ಲ. ಇಳಿಜಾರಿನ ಕೆಳಗೆ, ಇಲ್ಲವೆ ಹಂಪ್ ಹತ್ತಿರ ನಿಧಾನ ಮಾಡಿದಾಗ.

"ಹೋಗಾಗ ಲೋಡ್ ಇರತೈತಿ, ಬರಾಗ ಖಾಲಿ. ಅದಕ್ಕೇನು?" ಅಂತ ಕೇಳಿದೆ.

"ಲೋಡ್ ಅಷ್ಟ ಅಲ್ರಿ ಅಣ್ಣಾರ. ಹಡಗಲ್ಯಾಗ ಡೀಸೆಲ್ ತುಂಬಿಸ್ಕೊಂಡ ಹೊಂಡ್ತೀನಿ. ಬರಾಗ ಟ್ಯಾಂಕ್ ತಳಕ್ಕ ಹೋಗಿರತೈತಿ."

ನಾನು ಎದ್ದು ನಿಂತೆ. ಚಂದ್ರಪ್ಪ ತುಂಬಿಸಿಕೊಂಡು ಬಂದಾಗ ಸರಿಯಿತ್ತು. ವೆಲ್ಡಿಂಗಿಗೆ ಖಾಲಿ ಮಾಡಿದಾಗ ನಡುಗಿತು. ನಾನು ತುಂಬಿಸಿಕೊಂಡು ಹೋದಾಗ ಗುಣವಾಯಿತು. ಒಂದು ಸ್ಟೂಲ್ ಎಳೆದು ಕುಂತು ಕೇಳುವಷ್ಟು ಹೊತ್ತಿನ ಕೆಲಸವಾಗಿತ್ತು ಇದು.

ಟ್ಯಾಂಕಿನ ಡೀಸೆಲ್ ಇಳಿಸಿ ಕಾಲು ಭಾಗ ಬಿಟ್ಟೆವು. ಟ್ಯಾಂಕಿನಿಂದ ಬರುವ ಪೈಪಿನ ನಡುವೆ, ಒಳಗಿನದು ಕಾಣುವಂಥ ಪ್ಲಾಸ್ಟಿಕ್ ಪೈಪ್ ಸೇರಿಸಿ, ಅದರ ಒಂದು ಸುತ್ತನ್ನು ಕಿಟಕಿಯಿಂದ ಒಳಗೆ ತಂದು ನನ್ನ ಕೈಯಲ್ಲಿ ಹಿಡಿದುಕೊಂಡೆ. ಸಮ ನೆಲದಲ್ಲಿ ಎರಡು ಮೂರು ಗುಳ್ಳೆ ಕಂಡವು. ಇಂಜಿನ್ ಸಣ್ಣಗೆ ನಡುಗಿತು, ಸಾಯಲಿಲ್ಲ. ಇಳಿಜಾರಿನಲ್ಲಿ ಏನಾಗುತ್ತದೆ ಅನ್ನುವುದನ್ನು ನೋಡಲೇಬೇಕಿತ್ತು. ಇಲ್ಲದಿದ್ದರೆ ಇದು ನನ್ನ ಇನ್ನೊಂದು ಊಹೆ ಆಗುತ್ತಿತ್ತು.

"ನಾನ ಹೊಡಿತೀನಿ. ನೀವು ಪೈಪ್ ನೋಡ್ರಿ," ಅಂದಳು.

ಕೂಡ್ಲಿಗಿ ದಾಟಿ ಕಾನಹೊಸಹಳ್ಳಿ ಕಡೆಗೆ ಒಂದು ಒಳರಸ್ತೆಯಿದೆ. ಉದ್ದನೆಯ ಇಳಿಜಾರು, ಕೊನೆಯಲ್ಲಿ ಏರು. ಬ್ರೇಕ್ ಹಿಡಿಯದಿದ್ದರೂ ಏರಿನಲ್ಲಿ ಗಾಡಿ ತಾನೇ ನಿಲ್ಲುತ್ತದೆ ಅನ್ನುವ ಲೆಕ್ಕ ನನ್ನದು. ನೆತ್ತಿಯ ಮೇಲೆ ನಿಲ್ಲಿಸಿ, ಮುಂದೆ ಪೂರ್ತಿ ಖಾಲಿ ಇದೆ ಅಂತ ನೋಡಿಕೊಂಡು, "ನಿಧಾನಕ ಬಿಡು. ಅರ್ಧಕ್ಕ ಬಂದ ಮ್ಯಾಲೆ ನ್ಯೂಟ್ರಲ್. ನಾ ಹೇಳಿದ ಕೂಡ್ಲೆ ಎರಡನೇ ಗೇರ್," ಅಂದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಇಳಿಯತೊಡಗಿದೆವು. ಗಾಡಿಯ ಮೂತಿ ಕೆಳಗಾಗುತ್ತಿದ್ದ ಹಾಗೆ ಪೈಪಿನಲ್ಲಿ ಗುಳ್ಳೆ ಹೆಚ್ಚಾದವು. ಅವಳು ನ್ಯೂಟ್ರಲ್ ಹಾಕಿದಳು. ಗುಳ್ಳೆಗಳು ಒಂದಕ್ಕೊಂದು ಕೂಡಿಕೊಂಡು ಬೆರಳುದ್ದ ಆದವು. ಸ್ಟಿಯರಿಂಗ್ ನಡುಗಿತು, ಸೀಟು ನಡುಗಿತು, ಇಂಜಿನ್ ಎರಡು ಸಲ ಬಿಕ್ಕಿ ಸುಮ್ಮನಾಯಿತು. ಗಾಲಿಯ ಸದ್ದು ಮಾತ್ರ ಉಳಿಯಿತು.

"ಅಣ್ಣಾರ, ಕುರಿ!"

ತಲೆಯೆತ್ತಿದೆ. ತಗ್ಗಿನಲ್ಲಿ, ಜಾಲಿ ಗಿಡಗಳ ಮರೆಯಿಂದ ಕುರಿ ಹಿಂಡು ರಸ್ತೆಗೆ ಹರಿದು ಬರುತ್ತಿತ್ತು. ಕಂಬಳಿ ಹೊದ್ದ ಕುರುಬ ರಸ್ತೆಯ ನಡುವೆ ನಿಂತು ಹಿಂದಿನ ಕುರಿಗಳನ್ನು ಕರೆಯುತ್ತಿದ್ದ. ನಮ್ಮ ಕಡೆ ಅವನ ಬೆನ್ನು. ಇಂಜಿನ್ ಇಲ್ಲದ ಗಾಡಿಯ ಸದ್ದು ಅವನಿಗೆ ಕೇಳಲಿಲ್ಲ.

ಅವಳು ಬ್ರೇಕ್ ತುಳಿದಳು. ಒಂದು ಸಲ ಹಿಡಿಯಿತು. ಎರಡನೆಯ ಸಲಕ್ಕೆ ಪೆಡಲ್ ಕಲ್ಲಾಯಿತು. ಹಾರ್ನ್ ಮೇಲೆ ಕೈಯೂರಿದಳು. ಗೇರ್ ಅಂತ ಹೇಳಬೇಕಾಗಿದ್ದ ನಾನು ಕುರಿಗಳನ್ನೇ ನೋಡುತ್ತ ಕುಂತೆ. ಅವಳು ಕಾಯಲಿಲ್ಲ. ಕ್ಲಚ್ ಒತ್ತಿ ಎರಡನೇ ಗೇರಿಗೆ ಹಾಕಿ ಕಾಲು ತೆಗೆದಳು. ಗಾಡಿ ಮುಗ್ಗರಿಸಿದಂತಾಗಿ ನನ್ನ ಹಣೆ ಗಾಜಿಗೆ ಬಡಿಯಿತು. ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಎಳೆದೆ. ಗಾಲಿ ಕಿರುಚಿದವು. ಕುರುಬ ತಿರುಗಿ ನೋಡಿ, ಒಂದು ಮರಿಯನ್ನು ಕಾಲಿನಿಂದ ತಳ್ಳಿ ಪಕ್ಕಕ್ಕೆ ಹಾರಿದ.

ನಿಂತಾಗ ಬಂಪರಿಗೂ ಮುಂದಿನ ಕುರಿಗೂ ಒಂದು ಮಾರು ದೂರವಿತ್ತು.

ಕುರುಬ ಕೋಲು ಎತ್ತಿಕೊಂಡು ಬಂದು ಬಾಯಿಗೆ ಬಂದಂತೆ ಬೈದ. ಇಳಿದು ಕೈಮುಗಿದೆ. ಸಮ ನೆಲದ ಮೇಲೆಯೇ ಗಾಡಿಯ ಹಿಂಭಾಗಕ್ಕೆ ಜಾಕ್ ಕೊಟ್ಟು ಮೂತಿ ತಗ್ಗಿಸಿದ್ದರೆ ಈ ಪರೀಕ್ಷೆಗೆ ಸಾಕಾಗುತ್ತಿತ್ತು. ಅದು ನನಗೆ ಹೊಳೆದದ್ದು ಅಲ್ಲಿ ಕೈಮುಗಿದು ನಿಂತಾಗ. ಹುಡುಗರೇ, ನೀವು ಜಾಕ್ ಕೊಡಿರಿ.

ರೇಣುಕಮ್ಮ ಸ್ಟಿಯರಿಂಗ್ ಬಿಟ್ಟಿರಲಿಲ್ಲ. "ಪೈಪಿನ್ಯಾಗ ಕಂಡ್ರೇನು?" ಅಂದಳು.

"ಕಂಡೆ ತಾಯಿ," ಅಂದೆ.

ಗ್ಯಾರೇಜಿಗೆ ಬಂದು, ಟ್ಯಾಂಕಿನೊಳಗೆ ಇಳಿಬಿಟ್ಟ ಡೀಸೆಲ್ ಎಳೆಯುವ ಕಬ್ಬಿಣದ ಪೈಪನ್ನು ಹೊರತೆಗೆದೆ. ಒಂದು ತುದಿಗೆ ಹೆಬ್ಬೆರಳು ಒತ್ತಿ, ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಇನ್ನೊಂದು ತುದಿಯಿಂದ ಊದಿದೆ. ಪೈಪಿನ ನಡುಭಾಗದಲ್ಲಿ, ತುಕ್ಕು ತಿಂದ ಕಡೆ, ಗುಳ್ಳೆ ಸಾಲಾಗಿ ಎದ್ದವು. ಸಾಸಿವೆ ಕಾಳಿನಷ್ಟು ತೂತು. ಟ್ಯಾಂಕ್ ತುಂಬಿದ್ದಾಗ ತೂತು ಡೀಸೆಲ್‌ನಲ್ಲಿ ಮುಳುಗಿರುತ್ತದೆ, ಡೀಸೆಲನ್ನೇ ಎಳೆಯುತ್ತದೆ. ಇಳಿದಾಗ ತೂತು ಬಯಲಾಗುತ್ತದೆ, ಗಾಳಿ ಎಳೆಯುತ್ತದೆ. ಮೂತಿ ತಗ್ಗಿದರೆ ಡೀಸೆಲ್ ಮುಂದಕ್ಕೆ ಸರಿದು ತೂತು ಇನ್ನಷ್ಟು ಬಯಲಾಗುತ್ತದೆ. ಅವಳ ಕೈಗೂ ಪೈಪ್ ಕೊಟ್ಟೆ. ತಾನೂ ಊದಿ ನೋಡಿದಳು. ಎರಡು ಸಲ ಊದಿದಳು.

ಹೊಸ ಪೈಪ್ ಹಾಕಿ, ನಾನು ಏರಿಸಿದ್ದ ಐಡ್ಲಿಂಗ್ ಪೇಚನ್ನು ಅರ್ಧ ಸುತ್ತು ವಾಪಸ್ ತಿರುಗಿಸಿದೆ. ಟ್ಯಾಂಕಿನಲ್ಲಿ ತಳದಷ್ಟೇ ಡೀಸೆಲ್ ಬಿಟ್ಟು, ಈ ಸಲ ಜಾಕ್ ಕೊಟ್ಟು, ಒಂದು ತಾಸು ಚಾಲೂ ಇಟ್ಟೆ. ಬಾನೆಟ್ ಮೇಲಿಟ್ಟ ಲೋಟದ ನೀರು ತುಳುಕಲಿಲ್ಲ.

ಗಾಡಿ ಒಪ್ಪಿಸಿ ಸುಮ್ಮನಿರಬಹುದಿತ್ತು. ಮರುದಿನ ಬೆಳಿಗ್ಗೆ ಅವಳು ಗಾಡಿ ಒಯ್ಯಲು ಬಂದಾಗ ಅವಳ ಜೊತೆ ಹಿರೇಹಡಗಲಿಗೆ ಹೋದೆ. ಹಾಲವ್ವ ಪಡಸಾಲೆಯಲ್ಲಿ ಕುಂತಿದ್ದಳು, ಭುಜಕ್ಕೆ ಪಟ್ಟಿ. ಚಂದ್ರಪ್ಪ ನನ್ನನ್ನು ನೋಡಿ ಎದ್ದು ಒಳಗೆ ಹೊರಟ.

"ಚಂದ್ರಪ್ಪ, ನಿಂದ್ರು. ನಿಮ್ಮವ್ವನ್ನ ಬೀಳಿಸಿದ್ದು ನೀ ಒಬ್ನ ಅಲ್ಲ," ಅಂದೆ. ಎಲ್ಲಾ ಹೇಳಿದೆ. ನೊರೆ ಬಂದಾಗಲೇ ಎಲ್ಲಿಂದ ಅಂತ ನೋಡಬೇಕಿತ್ತು, ನೋಡಲಿಲ್ಲ. ಪೇಚು ತಿರುಗಿಸಿ ಮುಚ್ಚಿದೆ. ದೋಷ ಇಲ್ಲ ಅಂದೆ. ಇವಳು ಹೇಳಲು ಬಂದದ್ದನ್ನು ಕೇಳಲಿಲ್ಲ. ಜನರ ಮುಂದೆ ಅವನ ಮಾನ ಕಳೆದೆ. ತೂತಿನ ಪೈಪನ್ನು ಅವನ ಮುಂದೆ ಇಟ್ಟೆ.

ಅವನು ಪೈಪ್ ಮುಟ್ಟಲಿಲ್ಲ. "ಹೇಳಿದ್ರಲ್ಲ, ಮುಗಿತಲ್ಲ," ಅಂದು ಗೋಡೆ ನೋಡಿದ. ಆಮೇಲೆ ಅವನು ಯಾವತ್ತೂ ನನ್ನ ಗ್ಯಾರೇಜಿನ ಮೆಟ್ಟಿಲು ಹತ್ತಲಿಲ್ಲ. ಅದು ಅವನ ಹಕ್ಕು.

ಹಾಲವ್ವ ಕೇಳಿದಳು, "ಈಗ ನಿಂದ್ರಂಗಿಲ್ಲೇನಪ?"

"ಇಲ್ಲ ಯವ್ವ."

"ದಿಟ?"

"ದಿಟ ಯವ್ವ."

"ಹಂಗಾರ ಇವತ್ತ ಹಡಗಲಿ ದವಾಖಾನಿಗೆ ಪಟ್ಟಿ ಬದ್ಲಿ ಮಾಡಿಸಾಕ ಹೋಗಬೇಕು. ಚಂದ್ರ, ಇನ್ನ ಕೀಲಿ ರೇಣುಕಾನ ಕಡಿನ ಇರ್ಲಿ. ಆಕಿ ಹೊಡಿಲಿ." ಎದ್ದು ನಿಂತು, ಗಟ್ಟಿಯಿದ್ದ ಕೈಯನ್ನು ನನ್ನ ಕಡೆ ಚಾಚಿದಳು. "ನೀನೂ ಬಾ. ಹಿಂದ ಕುಂದ್ರು. ಎಣ್ಣಿ ಎಷ್ಟೈತಿ ಅದರಾಗ?"

"ತಳಕ್ಕೈತಿ ಯವ್ವ."

"ಇರ್ಲಿ. ಈಗ ತುಂಬಿಸಬ್ಯಾಡ್ರಿ."

ಅತ್ತೆ ಮುಂದೆ, ಸೊಸೆ ಸ್ಟಿಯರಿಂಗ್ ಮುಂದೆ. ನಾನು ಹಿಂದೆ ಖಾಲಿ ಹೂವಿನ ಬುಟ್ಟಿಗಳ ನಡುವೆ, ಕಟಾಂಜನದ ಕಂಬಿ ಹಿಡಿದು ಕುಂತೆ. ಪ್ರತಿ ಹಂಪಿಗೂ ರೇಣುಕಮ್ಮ ನಿಧಾನ ಮಾಡಿದಾಗ ಇಂಜಿನ್ನಿನ ಸದ್ದಿಗೆ ಕಿವಿ ಕೊಡುತ್ತಿದ್ದೆ. ಅಷ್ಟು ವರ್ಷ ಎಷ್ಟೋ ಗಾಡಿ ರಿಪೇರಿ ಮಾಡಿ ಮಂದಿಯನ್ನು ಕೂರಿಸಿ ಕಳಿಸಿದ್ದೆ. ನಾನು ಮಾಡಿದ ಕೆಲಸದ ಮೇಲೆ ನಾನೇ ಹೆದರಿ ಕುಂತದ್ದು ಅವತ್ತೇ ಮೊದಲು.

ದವಾಖಾನೆಯ ಗೇಟಿನ ಮುಂದೆ ಒಂದು ಎತ್ತಿನ ಬಂಡಿ ಅಡ್ಡ ಸಿಕ್ಕು ಗಾಡಿ ನಿಲ್ಲಬೇಕಾಯಿತು. ಬಂಡಿಯವನಿಗೆ ಅವಸರವಿರಲಿಲ್ಲ. ಇಂಜಿನ್ ನಡುಗದೆ ತನ್ನಷ್ಟಕ್ಕೆ ತಿರುಗುತ್ತಿತ್ತು. ಬಂಡಿ ಸರಿಯಿತು, ಗಾಡಿ ಒಳಗೆ ಹೋಗಿ ನಿಂತಿತು. ಕ್ಯಾಬಿನ್ನಿನ ಹಿಂದಿನ ಸಣ್ಣ ಗಾಜಿನಲ್ಲಿ ಹಾಲವ್ವನ ಮುಖ ಕಾಣಿಸಿತು. ಗಾಜಿಗೆ ಎರಡು ಸಲ ಬಡಿದು, ಸಾಕು, ಇನ್ನು ಇಳಿ ಅಂತ ಸನ್ನೆ ಮಾಡಿದಳು.